ಚಕ್ರೇಶ್ವರನ ಸೋಲು

ಲೋಕದ ಕಥಾಸಾಹಿತ್ಯದಲ್ಲಿ ಸೋಲರಿಯದ ಜಗಜಟ್ಟಿಗಳಿಗೆ ಎಂದೂ ಬರವಿಲ್ಲ. ಅವನು ಬಿಲ್ಲಾಳಾಗಿರಬಹುದು, ಗದಾಧರನಾಗಿರಬಹುದು, ಷಟ್ಖಂಡ ಮಂಡಲವನ್ನಾಳುವ ಚಕ್ರವರ್ತಿಯೇ ಆಗಿರಬಹುದು. ಅವನನ್ನು ಗೆಲ್ಲುವವರು ಹುಟ್ಟಿಯೇ ಇಲ್ಲವೆಂದು ಕಥೆಯ ಮೊದಲರ್ಧವೆಲ್ಲ ಸಾರಿ, ಕೊನೆಗೆ ಅವನನ್ನು ನೆಲಕ್ಕೆ ಕೆಡಹುವುದು ಕಥೆಗಾರರ ಹಳೆಯ ರೂಢಿ. ಯಕ್ಷಗಾನದ ಬಯಲಿನಲ್ಲಿ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ಕುಳಿತ ಪ್ರೇಕ್ಷಕನೂ, ಚಿತ್ರಮಂದಿರದಲ್ಲಿ ಹಣ ತೆತ್ತು ಕುಳಿತವನೂ ಕಾಯುವುದು ಆ ಒಂದು ಗಳಿಗೆಗಾಗಿಯೇ. ಆದರೆ ಆ ಗಳಿಗೆಯನ್ನು ಕವಿಯು ಯಾವ ಹಾದಿಯಿಂದ ತರುತ್ತಾನೆ, ಅದು ಬಂದು ಹೋದ ಮೇಲೆ ಗೆದ್ದವನನ್ನು ಏನು ಮಾಡುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಕೃತಿಯ ತೂಕ ತಿಳಿದುಬರುತ್ತದೆ. ಸೋತವನ ಕಡೆಗೇ ಎಲ್ಲರ ಕಣ್ಣು ಹೋಗುವುದರಿಂದ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕನ್ನಡದ ಜೈನ ಕವಿಗಳು ಅದನ್ನು ಕೇಳಿದರು. ಹತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಅವರು ಬರೆದ ಪರಾಜಯದ ಪ್ರಸಂಗಗಳು ಇಂದಿಗೂ ಹಳತಾಗದಿರುವುದಕ್ಕೆ ಅದೇ ಕಾರಣವಿರಬೇಕು.

ಪಂಪನ ‘ಆದಿಪುರಾಣ’ದಿಂದಲೇ ಆರಂಭಿಸುವುದು ಉಚಿತ. ಕ್ರಿ.ಶ. 941ರ ಈ ಕೃತಿಗೆ ಮೂಲವು ಜಿನಸೇನಾಚಾರ್ಯರ ಸಂಸ್ಕೃತ ಪುರಾಣ. ಕಥೆ ಆಚಾರ್ಯರದೇ ಆದರೂ ಭರತನ ಗರ್ವವು ಏರುವ ಮತ್ತು ಇಳಿಯುವ ಮೆಟ್ಟಿಲುಗಳನ್ನು ಪಂಪನು ತನ್ನದೇ ಕಣ್ಣಿನಿಂದ ಕಂಡಿದ್ದಾನೆ. ಆಸ್ಥಾನದ ರಾಜಕಾರಣವನ್ನು ಹತ್ತಿರದಿಂದ ಬಲ್ಲ ಕವಿ ಅವನು. ಅವನ ಆಶ್ರಯದಾತನಾದ ವೇಮುಲವಾಡದ ಅರಿಕೇಸರಿಯು ರಾಷ್ಟ್ರಕೂಟ ಚಕ್ರವರ್ತಿ ನಾಲ್ಕನೆಯ ಗೋವಿಂದನನ್ನು ಸಿಂಹಾಸನದಿಂದಿಳಿಸುವುದರಲ್ಲಿ ಕೈಜೋಡಿಸಿದ್ದನು. ಅದು ಕಾವ್ಯರಚನೆಗೆ ಕೆಲವೇ ವರ್ಷಗಳ ಹಿಂದಿನ ಮಾತು. ಚಕ್ರವರ್ತಿಗಳೂ ಸೋಲುತ್ತಾರೆ ಎಂಬುದನ್ನು ಪಂಪನು ಪುರಾಣದಿಂದ ಮಾತ್ರ ತಿಳಿಯಬೇಕಾಗಿರಲಿಲ್ಲ.

ಭರತನ ಮೊದಲ ಸೋಲು ಯುದ್ಧಭೂಮಿಯಲ್ಲಿ ಆಗುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ದಿಗ್ವಿಜಯದ ಉತ್ಕರ್ಷದಲ್ಲಿ ಅವನು ವೃಷಭಾಚಲಕ್ಕೆ ಬರುತ್ತಾನೆ. ತನ್ನಂತಹ ವಿಜಯಿ ಹಿಂದೆ ಇರಲಿಲ್ಲವೆಂಬ ನಂಬಿಕೆಯಿಂದ ಆ ಬೆಟ್ಟದ ಮೇಲೆ ತನ್ನ ಪ್ರಶಸ್ತಿಯನ್ನು ಕೆತ್ತಿಸಬೇಕೆಂಬುದು ಅವನ ಇಚ್ಛೆ. ಬಂದು ನೋಡಿದರೆ ಬೆಟ್ಟದ ಮೈಯಲ್ಲಿ ಬರೆಯಲು ಎಡೆಯೇ ಇಲ್ಲ. ಹಿಂದೆ ಆಗಿಹೋದ ಲೆಕ್ಕವಿಲ್ಲದಷ್ಟು ಚಕ್ರವರ್ತಿಗಳ ಹೆಸರುಗಳು ಅಲ್ಲಿ ತುಂಬಿಹೋಗಿವೆ. ಒಬ್ಬೊಬ್ಬನೂ ತಾನೇ ಅದ್ವಿತೀಯನೆಂದು ಬರೆಯಿಸಿದವನು. ಭರತನ ಗರ್ವ ಅಲ್ಲಿಯೇ ಕರಗುತ್ತದೆ. ಆದರೂ ಅವನು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಒಬ್ಬ ಪೂರ್ವಿಕನ ಪ್ರಶಸ್ತಿಯನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಯಿಸುತ್ತಾನೆ. ಹಳೆಯ ಲೆಕ್ಕದ ಪುಸ್ತಕಗಳನ್ನು ಎಂದಾದರೂ ತಿರುವಿಹಾಕಿದ ವರ್ತಕರಿಗೆ ಈ ಸನ್ನಿವೇಶವನ್ನು ವಿವರಿಸಬೇಕಾಗಿಲ್ಲ. ಅಜ್ಜನ ಕಾಲದಲ್ಲಿ ಇಡೀ ಪೇಟೆಗೆ ಸಾಲ ಕೊಟ್ಟ ಮನೆತನದ ಹೆಸರು ಮೊಮ್ಮಗನ ಕಾಲದ ಖಾತೆಯಲ್ಲಿ ಕಾಣಿಸುವುದಿಲ್ಲ. ಆ ಪುಟದಲ್ಲಿ ಬೇರೊಬ್ಬರಿರುತ್ತಾರೆ. ಗರ್ವ ಕರಗಿದ ಮೇಲೂ ಕೈ ಅಳಿಸಿ ಬರೆಯುತ್ತದೆ ಎಂಬ ಈ ಸೂಕ್ಷ್ಮವೇ ಮುಂದೆ ನಡೆಯುವ ಎಲ್ಲದಕ್ಕೂ ಪೀಠಿಕೆ.

ಎರಡನೆಯ ಸೋಲು ಅಯೋಧ್ಯೆಯ ಬಾಗಿಲಲ್ಲಿ. ದಿಗ್ವಿಜಯವನ್ನು ಮುಗಿಸಿ ಬಂದ ಚಕ್ರರತ್ನವು ಪುರಪ್ರವೇಶ ಮಾಡದೆ ನಿಂತುಬಿಡುತ್ತದೆ. ಗೆಲ್ಲಬೇಕಾದವರು ಇನ್ನೂ ಇದ್ದಾರೆ, ಅವರು ಒಡಹುಟ್ಟಿದವರು ಎಂದು ಪುರೋಹಿತನು ತಿಳಿಸುತ್ತಾನೆ. ಆರು ಖಂಡಗಳನ್ನು ಗೆದ್ದವನಿಗೆ ಮನೆಯ ಹೊಸ್ತಿಲು ದಾಟಲಾಗುವುದಿಲ್ಲ. ಓಲೆ ಹೋಗುತ್ತದೆ; ಉಳಿದ ತಮ್ಮಂದಿರು ತಂದೆಯಾದ ಆದಿದೇವನ ಬಳಿಗೆ ಹೋಗಿ ದೀಕ್ಷೆ ಪಡೆಯುತ್ತಾರೆ. ಪೌದನಪುರದ ಬಾಹುಬಲಿಯೊಬ್ಬನು ಬೇರೆ ಉತ್ತರ ಕೊಡುತ್ತಾನೆ. ಅಣ್ಣನೆಂದು ಎರಗುವುದಕ್ಕೆ ಅವನಿಗೆ ಸಂಕೋಚವಿಲ್ಲ; ತಲೆಯ ಮೇಲೆ ಕತ್ತಿಯನ್ನಿಟ್ಟು ಎರಗೆಂದರೆ ಆಗದು. ತಂದೆ ಇಬ್ಬರಿಗೂ ಕೊಟ್ಟ ನೆಲವನ್ನು ಒಬ್ಬನು ಮತ್ತೊಬ್ಬನಿಂದ ಹೊಸದಾಗಿ ಪಡೆಯಬೇಕೇಕೆ ಎಂಬ ಅವನ ವಾದವನ್ನು, ಆಸ್ತಿಯ ಪಾಲಿನಲ್ಲಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳನ್ನು ಕಂಡವರು ಪುರಾಣದ ಮಾತೆಂದು ತಳ್ಳಿಹಾಕಲಾರರು.

ಇನ್ನು ಯುದ್ಧ. ಸೇನೆಗಳು ಎದುರಾಗಿ ನಿಂತಾಗ ಮಂತ್ರಿಗಳು ಮಧ್ಯೆ ಬರುತ್ತಾರೆ. ಭರತ ಬಾಹುಬಲಿಗಳಿಬ್ಬರೂ ಚರಮದೇಹಿಗಳು; ಇದೇ ಕೊನೆಯ ಜನ್ಮವಾದುದರಿಂದ ಅವರಿಗೆ ಯುದ್ಧದಲ್ಲಿ ಸಾವಿಲ್ಲ, ಸಾಯುವವರು ಪಡೆಯ ಬಡಭಟರು ಮಾತ್ರ. ಆದುದರಿಂದ ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರ್ಮಾನಿಸಿಕೊಳ್ಳಬೇಕೆಂಬ ಒಡಂಬಡಿಕೆ ಆಗುತ್ತದೆ. ಮೂರರಲ್ಲಿಯೂ ಭರತನು ಸೋಲುತ್ತಾನೆ. ಸೋಲಿನ ಕಾರಣವಾದರೂ ಎಷ್ಟು ಸಾಮಾನ್ಯವಾದುದು! ಪುರಾಣದ ಲೆಕ್ಕದಂತೆ ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಮೇಲಕ್ಕೆ ನೋಡಬೇಕಾದ ಅಣ್ಣನ ರೆಪ್ಪೆ ಮೊದಲು ಮಿಡಿಯುತ್ತದೆ. ಅವನು ಎರಚಿದ ನೀರು ತಮ್ಮನ ಎದೆಯವರೆಗೆ ಮಾತ್ರ ತಲುಪುತ್ತದೆ, ತಮ್ಮನು ಎರಚಿದ್ದು ಅಣ್ಣನ ಮುಖಕ್ಕೇ ಬೀಳುತ್ತದೆ. ಹದಿನಾಲ್ಕು ರತ್ನಗಳು, ಒಂಬತ್ತು ನಿಧಿಗಳು, ಅರುವತ್ತು ಸಾವಿರ ವರ್ಷಗಳ ದಿಗ್ವಿಜಯ ಇವೆಲ್ಲವೂ ಇಪ್ಪತ್ತೈದು ಬಿಲ್ಲಿನ ಅಂತರವನ್ನು ತುಂಬಲಾರದೆ ಹೋದುವು. ಇಲ್ಲಿ ಶಾಪವಿಲ್ಲ, ವರವಿಲ್ಲ, ಹಿಂದಿನಿಂದ ಇರಿಯುವವರಿಲ್ಲ, ದೇವತೆಗಳ ಕೈವಾಡವಿಲ್ಲ. ಎರಡೂ ಪಡೆಗಳ ಕಣ್ಣೆದುರಿಗೆ, ಒಪ್ಪಿದ ನಿಯಮದಂತೆ, ಒಬ್ಬನಿಗಿಂತ ಮತ್ತೊಬ್ಬನು ಮಿಗಿಲಾದನು, ಅಷ್ಟೇ. ಅಜೇಯನ ಸೋಲನ್ನು ಇಷ್ಟು ನೇರವಾಗಿ ಹೇಳುವ ಧೈರ್ಯವು ಕಥಾಸಾಹಿತ್ಯದಲ್ಲಿ ಅಪರೂಪ.

ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎರಡು ಕೈಗಳಿಂದ ಮೇಲೆತ್ತುತ್ತಾನೆ. ಬೇರೆ ಯಾವ ಕಥೆಯಾದರೂ ಇಲ್ಲಿ ಮುಗಿಯುತ್ತಿತ್ತು. ಎತ್ತಿದ ಕೈ ನೆಲಕ್ಕೆ ಅಪ್ಪಳಿಸದೆ ತಡೆಯುತ್ತದೆ. ಹಿರಿಯನು, ಭೂಮಿಯ ಒಡೆಯನು, ಇವನಿಗೆ ಭಂಗ ತರಬಾರದೆಂದು ಎಣಿಸಿ ತಮ್ಮನು ಅಣ್ಣನನ್ನು ಮೆಲ್ಲನೆ ಇಳಿಸುತ್ತಾನೆ. ಈ ಮರ್ಯಾದೆಯೇ ಭರತನಿಗೆ ಸಹಿಸಲಾಗದ ಪೆಟ್ಟಾಗುತ್ತದೆ. ನೆಲಕ್ಕೆ ಒಗೆದಿದ್ದರೆ ಅವನು ತಾಳಿಕೊಳ್ಳುತ್ತಿದ್ದನೋ ಏನೋ. ಒಡಂಬಡಿಕೆಯನ್ನು ಮರೆತು ಅವನು ಚಕ್ರವನ್ನು ಪ್ರಯೋಗಿಸುತ್ತಾನೆ. ಚಕ್ರವು ಹೋಗಿ ಬಾಹುಬಲಿಗೆ ಪ್ರದಕ್ಷಿಣೆ ಬಂದು ಅವನ ಬಲಗಡೆಯಲ್ಲಿ ನಿಲ್ಲುತ್ತದೆ. ಸೋಲು ಪೂರ್ಣವಾದುದು ಇಲ್ಲಿ: ಬಲದಲ್ಲಿ ಸೋತವನು ಈಗ ಮಾತಿನಲ್ಲಿಯೂ ಸೋತನು.

ಚಕ್ರವು ಎದುರಾಳಿಯ ಬಳಿ ಹೋಗಿ ನಿಲ್ಲುವ ಈ ದೃಶ್ಯವು ಜೈನ ಪುರಾಣಗಳಲ್ಲಿ ಇದೊಂದೇ ಅಲ್ಲ. ಅರುವತ್ತಮೂರು ಶಲಾಕಾಪುರುಷರಲ್ಲಿ ಒಂಬತ್ತು ಮಂದಿ ಪ್ರತಿವಾಸುದೇವರಿದ್ದಾರೆ. ಅಶ್ವಗ್ರೀವನಿಂದ ಆರಂಭಿಸಿ ಎಂಟನೆಯ ರಾವಣ, ಒಂಬತ್ತನೆಯ ಜರಾಸಂಧರವರೆಗೆ ಇವರು ತ್ರಿಖಂಡಾಧಿಪತಿಗಳು, ತಮ್ಮ ಕಾಲದಲ್ಲಿ ಎದುರಿಲ್ಲದವರು. ವಾಸುದೇವನ ಮೇಲೆ ಇವರು ಎಸೆದ ಚಕ್ರವು ಅವನನ್ನು ಕೊಲ್ಲದೆ ಅವನ ವಶವಾಗುತ್ತದೆ. ಅವನು ಅದನ್ನೇ ತಿರುಗಿ ಎಸೆದು ಇವರನ್ನು ಕೊಲ್ಲುತ್ತಾನೆ. ಯಾವುದು ಅಜೇಯನನ್ನಾಗಿ ಮಾಡಿತೋ ಅದೇ ಕೊರಳನ್ನು ಕತ್ತರಿಸುತ್ತದೆ. ರಾಮಕಥೆಯಲ್ಲಿ ಲಕ್ಷ್ಮಣನ ಕೈಗೆ ಚಕ್ರ ಬಂದಿತು, ಅವನು ಎಸೆದನು. ಬಾಹುಬಲಿಯ ಬಲಗಡೆಗೂ ಚಕ್ರ ಬಂದಿತು, ಅವನು ಕೈಯನ್ನೇ ಚಾಚಲಿಲ್ಲ. ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಪುರಾಣಕಾರರ ತೀರ್ಪು ತಿಳಿಯುತ್ತದೆ. ಚಕ್ರವನ್ನು ಎಸೆದ ವಾಸುದೇವರ ಮುಂದಿನ ಗತಿಯನ್ನು ಅವರು ಮುಚ್ಚಿಡಲಿಲ್ಲ. ಅಶ್ವಗ್ರೀವನನ್ನು ಕೊಂದ ತ್ರಿಪೃಷ್ಠನು ಸಾಮಾನ್ಯನಲ್ಲ. ಅವನು ಮುಂದೆ ಮಹಾವೀರಸ್ವಾಮಿಯಾಗಿ ಹುಟ್ಟಲಿದ್ದ ಜೀವ. ಆ ಜೀವವೂ ಗೆಲುವಿನ ಭೋಗವನ್ನು ಮುಗಿಸಿ ಏಳನೆಯ ನರಕಕ್ಕೆ ಹೋಯಿತು, ಆಮೇಲೆ ಸಿಂಹವಾಗಿ ಹುಟ್ಟಿತು. ಗೆದ್ದವನ ಖಾತೆಯಲ್ಲಿ ಖರ್ಚಿನ ಬದಿಯನ್ನೂ ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದಿಟ್ಟ ಕಥನಪರಂಪರೆ ಇನ್ನೊಂದು ಇದೆಯೇ ಎಂಬುದು ಸಂದೇಹ.

ಬಾಹುಬಲಿಯಾದರೋ ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಕಥೆಯ ಈ ಭಾಗ ಎಲ್ಲರಿಗೂ ಗೊತ್ತು. ಅದರ ನಂತರದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನವಾಗುವುದಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು ಅವನಲ್ಲಿ ಉಳಿದಿತ್ತೆಂದು ಜಿನಸೇನರು ಹೇಳುತ್ತಾರೆ. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಅಭಿಮಾನಶಲ್ಯ ಉಳಿದಿತ್ತೆಂಬುದು ಜನರಲ್ಲಿ ಹೆಚ್ಚು ಪ್ರಚಲಿತವಾದ ಕಥೆ. ಯಾವುದನ್ನು ಒಪ್ಪಿದರೂ ಗೆಲುವು ಗೆದ್ದವನ ಮೈಯಲ್ಲಿ ಮುಳ್ಳಾಗಿಯೇ ಇತ್ತೆಂಬುದು ನಿಜ. ಅದನ್ನು ಕೀಳಬಲ್ಲವನು ಸೋತವನೊಬ್ಬನೇ. ಚಕ್ರವರ್ತಿಯು ಬಂದು ತಮ್ಮನ ಪಾದಗಳನ್ನು ಪೂಜಿಸಿದ ಮೇಲೆಯೇ ಅವನಿಗೆ ಕೈವಲ್ಯಬೋಧ ಉಂಟಾಗುತ್ತದೆ. ಸೋತವನಿಗೆ ಇಷ್ಟು ದೊಡ್ಡ ಕೆಲಸವನ್ನು ವಹಿಸಿಕೊಟ್ಟ ಕಥೆಯನ್ನು ಬಾಹುಬಲಿಯ ಕಥೆಯೆಂದು ಮಾತ್ರ ಕರೆಯುವುದು ಅರ್ಧ ಸತ್ಯ.

ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ಅಜೇಯನ ಸೋಲು ಒಳಗಿನಿಂದ ಬರುತ್ತದೆ. ವಿಮಲಸೂರಿ, ರವಿಷೇಣರ ಪರಂಪರೆಯಲ್ಲಿ ರಾವಣನು ರಾಕ್ಷಸನಲ್ಲ, ವಿದ್ಯಾಧರ ಚಕ್ರವರ್ತಿ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವನ್ನು ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ಪಡೆದವನು. ಶಾಂತಿಜಿನಾಲಯದಲ್ಲಿ ಕುಳಿತು, ಕಪಿಧ್ವಜರು ಎಷ್ಟು ಕಾಡಿದರೂ ಅಲುಗದೆ, ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಇನ್ನು ಅವನನ್ನು ಗೆಲ್ಲುವವರಿಲ್ಲ. ಆ ಬಲದ ಉನ್ಮಾದದಲ್ಲಿಯೇ ಸೀತೆಯ ಬಳಿಗೆ ಹೋಗಿ ಬೆದರಿಸುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಅಲ್ಲಿ ಅವನ ಮನಸ್ಸು ತಿರುಗುತ್ತದೆ. ವಿದ್ಯೆ ಕೈಗೂಡಿದ ಗಳಿಗೆಯೂ ಅದು ನಿಷ್ಪ್ರಯೋಜಕವಾದ ಗಳಿಗೆಯೂ ಒಂದೇ ಆಗುವಂತೆ ಕವಿಯು ಹೆಣೆದಿರುವುದನ್ನು ನೋಡಬೇಕು. ಸೀತೆಯನ್ನು ರಾಮನಿಗೆ ಒಪ್ಪಿಸಬೇಕೆಂದು ರಾವಣನು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ಅಂಜಿದನೆನ್ನುತ್ತದೆ. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು ಸೆರೆಹಿಡಿದು, ಆಮೇಲೆ ಸೀತೆಯನ್ನು ಕೊಟ್ಟು ಕಳುಹಿಸುವೆನೆಂದು ಯೋಚಿಸುತ್ತಾನೆ. ಒಳಗೆ ಸೋತವನು ಹೊರಗೆ ಸೋತಂತೆ ಕಾಣಲಾರದೆ ಯುದ್ಧಕ್ಕೆ ಹೋದನು, ತನ್ನ ಚಕ್ರದಿಂದಲೇ ಸತ್ತನು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕ್ ದುರಂತ ನಾಯಕನ ಲಕ್ಷಣಗಳನ್ನು ಕಂಡು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಗ್ರೀಕರ ಹೋಲಿಕೆ ಪಾಂಡಿತ್ಯಪೂರ್ಣವಾದುದು, ಸರಿ. ಆದರೆ ನ್ಯಾಯಾಲಯದ ಮೆಟ್ಟಿಲೇರಿದ ಟ್ರಸ್ಟುಗಳ ವ್ಯಾಜ್ಯಗಳನ್ನು ಬಲ್ಲವರಿಗೆ ರಾವಣನ ತರ್ಕವನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ತನ್ನ ಪಕ್ಷ ತಪ್ಪೆಂದು ಮನಸ್ಸಿಗೆ ತಿಳಿದಿದ್ದರೂ, ತೀರ್ಪೊಂದು ತನ್ನ ಕಡೆಗೆ ಬರಲಿ, ಆಮೇಲೆ ರಾಜಿಯಾಗೋಣ ಎನ್ನುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ಇದೇ ರಾವಣನು ಹಿಂದೆ ಒಮ್ಮೆ ಸೋತಿದ್ದನು. ತನಗೆ ಎರಗದ ವಾಲಿಯ ಮೇಲೆ ಅವನು ಯುದ್ಧಕ್ಕೆ ಬಂದಾಗ ವಾಲಿಯು ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ಮುನಿಯಾದನು. ಆಮೇಲೆ ರಾವಣನು ಮುನಿಸಹಿತವಾಗಿ ಕೈಲಾಸವನ್ನೇ ಎತ್ತಲು ಹೊರಟಾಗ, ಭರತ ಚಕ್ರವರ್ತಿಯು ಅಲ್ಲಿ ಕಟ್ಟಿಸಿದ್ದ ಜಿನಾಲಯಗಳು ಕೆಡದಿರಲೆಂದು ವಾಲಿಮುನಿಯು ಕಾಲಿನ ಹೆಬ್ಬೆರಳಿನಿಂದ ಬೆಟ್ಟವನ್ನು ಒತ್ತಿದನು. ಸೋತ ಚಕ್ರವರ್ತಿಯ ಕಟ್ಟಡಗಳ ಕೆಳಗೆ ಸೋಲರಿಯದವನು ಸಿಕ್ಕಿ ಕೂಗಿಕೊಂಡನು. ಕಥೆಗಳ ನಡುವಣ ಈ ಸಂಬಂಧ ಪುರಾಣಕಾರರಿಗೆ ತಿಳಿಯದೆ ಆದುದಲ್ಲ.

ರನ್ನನ ‘ಗದಾಯುದ್ಧ’ದ ವಿಷಯ ಬೇರೆ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ಈತನಿಗೆ ತನ್ನ ಒಡೆಯನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಹೊಗಳಬೇಕಾಗಿತ್ತು. ನಾಯಕನು ಭೀಮ, ಕಾವ್ಯವನ್ನು ಗೆದ್ದುಕೊಂಡವನು ದುರ್ಯೋಧನ. ರಣಭೂಮಿಯಲ್ಲಿ ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆಯುವ ಕುರುಪತಿಯು ಶತ್ರುವಿನ ಮಗನಾದ ಅಭಿಮನ್ಯುವಿನ ಶವದೆದುರು ಕೈಮುಗಿಯುತ್ತಾನೆ. ಭೀಷ್ಮನು ಸಂಧಿಯ ಮಾತೆತ್ತಿದಾಗ ಒಪ್ಪುವುದಿಲ್ಲ. ಅವನದೇ ಸಲಹೆಯಂತೆ ವೈಶಂಪಾಯನ ಸರೋವರದಲ್ಲಿ ಅಡಗಿದರೂ ಭೀಮನ ಕೂಗನ್ನು ಕೇಳಿ ಅಡಗಿರಲಾರದೆ ಎದ್ದುಬರುತ್ತಾನೆ. ರನ್ನನ ತಲೆಮಾರಿನವರು ದೊಡ್ಡದೊಂದು ಪತನವನ್ನು ಕಣ್ಣಾರೆ ಕಂಡಿದ್ದರು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಉರುಳಿಸಿದನು. ಆ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಅಲ್ಲಿನ ಶಾಸನವು ಚೆಂಡಾಟದಲ್ಲಿ ಅವನಿಗೆ ಸಮನಾದವರಿರಲಿಲ್ಲವೆಂಬಂತೆ ಅವನ ಕೌಶಲವನ್ನು ಬಣ್ಣಿಸುತ್ತದೆ. ರಾಜ್ಯ ಹೋದ ರಾಜನ ಆಟದ ಚಾತುರ್ಯವನ್ನು ಕಲ್ಲಿನಲ್ಲಿ ಉಳಿಸಬೇಕೆನಿಸಿದ ಕಾಲವದು. ದುರ್ಯೋಧನನ ಮೇಲೆ ರನ್ನನಿಗಿದ್ದ ಗೌರವಕ್ಕೆ ಅಲಂಕಾರಶಾಸ್ತ್ರದ ಹೊರಗೂ ಕಾರಣಗಳಿದ್ದಿರಬೇಕು. ಆದರೆ ಗೆದ್ದವನ ವಿಷಯದಲ್ಲಿ ರನ್ನನ ಕೈ ಕಟ್ಟಿತ್ತು. ತೊಡೆ ಮುರಿದು ಬಿದ್ದವನ ಮಕುಟವನ್ನು ಒದೆಯುವ ಭೀಮನನ್ನು ಆಶ್ರಯದಾತನಿಗೆ ಹೋಲಿಸಿದ ಮೇಲೆ ಅವನನ್ನು ಪ್ರಶ್ನಿಸುವುದು ಹೇಗೆ? ಪಂಪನು ಬಾಹುಬಲಿಯಲ್ಲಿ ಮಾಡಿದುದನ್ನು ರನ್ನನು ಭೀಮನಲ್ಲಿ ಮಾಡಲಾಗಲಿಲ್ಲ. ಲೌಕಿಕ ಕಾವ್ಯದ ಋಣ ಅಷ್ಟಕ್ಕೇ ಬಿಟ್ಟಿತು.

ಹದಿನಾರನೆಯ ಶತಮಾನದ ರತ್ನಾಕರವರ್ಣಿಯಲ್ಲಿ ಮತ್ತೊಂದು ವಿಚಾರವಿದೆ. ಕರಾವಳಿಯ ಮನೆಮನೆಗಳಲ್ಲಿ ಪ್ರೀತಿಯಿಂದ ಓದಿಸಿಕೊಂಡು ಬಂದ ‘ಭರತೇಶವೈಭವ’ದಲ್ಲಿ ಯುದ್ಧವೇ ನಡೆಯುವುದಿಲ್ಲ. ಭರತನು ಮೃದುವಾದ ಮಾತುಗಳಿಂದ ತಾನೇ ಸೋತೆನೆಂದು ಹೇಳಿ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ನಾಚಿದ ಬಾಹುಬಲಿಯು ತಪಸ್ಸಿಗೆ ಹೋಗುತ್ತಾನೆ. ಭೋಗದಲ್ಲಿದ್ದೂ ಯೋಗಿಯಾದ ಭರತನು ರತ್ನಾಕರನ ಕಣ್ಮಣಿ. ಅಂತಹವನು ಹತ್ತು ಜನರೆದುರು ಎತ್ತಿಸಿಕೊಳ್ಳುವುದನ್ನು ಕವಿಗೆ ನೋಡಲಾಗಲಿಲ್ಲ. ಅಹಿಂಸೆಯ ದೃಷ್ಟಿಯಿಂದ ರತ್ನಾಕರನ ದಾರಿಯೇ ಮೇಲೆಂದು ವಾದಿಸುವ ವಿದ್ವಾಂಸರಿದ್ದಾರೆ. ಈ ವಾದ ಒಪ್ಪತಕ್ಕುದಲ್ಲ. ಪಂಪನ ಧರ್ಮಯುದ್ಧದಲ್ಲಿಯೂ ಒಬ್ಬ ಭಟನೂ ಸಾಯುವುದಿಲ್ಲ. ಅಹಿಂಸೆಯ ಕೆಲಸವನ್ನು ಮಂತ್ರಿಗಳು ಅಲ್ಲಿಯೇ ಮುಗಿಸಿದ್ದಾರೆ. ರತ್ನಾಕರನು ತಪ್ಪಿಸಿದುದು ಭರತನ ಸೋಲನ್ನು. ಮಾತಿನಲ್ಲಿ ಸೋಲನ್ನೊಪ್ಪಿ ಕಾರ್ಯದಲ್ಲಿ ಗೆಲ್ಲುವುದು ಚತುರರ ಲಕ್ಷಣ. ವ್ಯಾಪಾರದಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಚಕ್ರವನ್ನು ಎಸೆದ ಕೈಯ ನಾಚಿಕೆ ಇಲ್ಲದಿದ್ದರೆ, ಒಂದು ವರ್ಷದ ನಂತರ ಅದೇ ಕೈ ಪೂಜೆಗೆ ನೀಡಿದಾಗ ಅದರಲ್ಲಿ ಅಷ್ಟು ಭಾರವಿರುವುದಿಲ್ಲ. ಸಾಂಗತ್ಯದ ಮಾಧುರ್ಯದಲ್ಲಿ ರತ್ನಾಕರನಿಗೆ ಎಣೆಯಿಲ್ಲವೆಂಬುದನ್ನು ಒಪ್ಪಿಕೊಂಡೂ ಈ ಮಾತನ್ನು ಹೇಳಬೇಕಾಗಿದೆ.

ಭರತನನ್ನು ಸೋಲಿನಿಂದ ಕಾಪಾಡಿದ ಈ ವಾತ್ಸಲ್ಯವು ಕವಿಗಳಿಗಿಂತ ಹೆಚ್ಚಾಗಿ ಚಲನಚಿತ್ರದವರಲ್ಲಿದೆ. ಅಲ್ಲಿ ಅಜೇಯನಿಗೆ ಮೋಸದ ಹೊರತು ಬೇರೆ ಸೋಲು ಕೂಡದು. 1958ರ ‘ಭೂಕೈಲಾಸ’ದಲ್ಲಿ ಡಾ. ರಾಜಕುಮಾರ್ ಅಭಿನಯಿಸಿದ ರಾವಣನು ಆತ್ಮಲಿಂಗವನ್ನು ಕಳೆದುಕೊಳ್ಳುವುದು ಬಾಲಕನ ವೇಷದ ಗಣಪತಿಯ ಉಪಾಯಕ್ಕೆ. 1977ರ ‘ಬಭ್ರುವಾಹನ’ದಲ್ಲಿ ಅವರು ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಸೋಲರಿಯದ ತಂದೆಯು ತಾಯಿಯ ಶೀಲವನ್ನು ಶಂಕಿಸಿ ಮಗನನ್ನು ಕೆಣಕುತ್ತಾನೆ, ಆ ಮಗನ ಬಾಣಕ್ಕೇ ಬೀಳುತ್ತಾನೆ. ತಂದೆಮಕ್ಕಳ ವಾಗ್ವಾದದ ದೃಶ್ಯವನ್ನು ಕನ್ನಡಿಗರು ಇನ್ನೂ ಮರೆತಿಲ್ಲ. ಅದು ಮರೆಯುವಂತಹುದೂ ಅಲ್ಲ. ಗೆದ್ದವನೂ ಸೋತವನೂ ಒಂದೇ ಮುಖದವರಾದುದರಿಂದ ಪ್ರೇಕ್ಷಕನಿಗೆ ಯಾರ ಸೋಲಿಗೂ ಚಪ್ಪಾಳೆ ತಟ್ಟಲಾಗದ ಒಂದು ಇಕ್ಕಟ್ಟು ಅಲ್ಲಿ ತಾನಾಗಿ ಒದಗಿಬಂದಿದೆ. ಕೊನೆಗೆ ಅರ್ಜುನನು ಬದುಕುತ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯೂ ಹಾಗೆಯೇ ಇದೆ, ಚಿತ್ರದವರನ್ನು ದೂರುವಂತಿಲ್ಲ. ಆದರೆ ಬದುಕಿಬಂದವನು ಮತ್ತೆ ಅದೇ ಅಜೇಯ ಪಾರ್ಥ. ಬಿದ್ದುದು ಅವನಿಗೆ ಏನನ್ನೂ ಕಲಿಸಿದಂತೆ ಕಾಣುವುದಿಲ್ಲ.

ಬಾಹುಬಲಿಯ ಹೆಸರನ್ನೇ ಹೊತ್ತು 2015 ಮತ್ತು 2017ರಲ್ಲಿ ಎರಡು ಭಾಗಗಳಲ್ಲಿ ಬಂದ ಎಸ್. ಎಸ್. ರಾಜಮೌಳಿಯವರ ಚಿತ್ರಕ್ಕೂ ಗೊಮ್ಮಟನಿಗೂ ಹೆಸರಿನಾಚೆಗೆ ಸಂಬಂಧವಿಲ್ಲ. ಅಲ್ಲಿಯ ಅಮರೇಂದ್ರ ಬಾಹುಬಲಿಯೂ ಅಜೇಯನು. ನಂಬಿದ ಕಟ್ಟಪ್ಪನ ಕತ್ತಿ ಬೆನ್ನಿಗೆ ಬಿದ್ದುದರಿಂದ ಮಾತ್ರ ಅವನು ಸಾಯುತ್ತಾನೆ. ಎರಡು ವರ್ಷಗಳ ಕಾಲ ದೇಶವೆಲ್ಲ ಕೇಳಿದ ಪ್ರಶ್ನೆ ಕಟ್ಟಪ್ಪನು ಏಕೆ ಕೊಂದನೆಂಬುದು. ಅಂತಹ ವೀರನು ನೇರವಾದ ಹೋರಾಟದಲ್ಲಿ ಸೋತಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ, ಕೇಳುವುದು ಸಾಧ್ಯವೂ ಇರಲಿಲ್ಲ. ಬೆನ್ನಿಗೆ ಇರಿಸಿಕೊಂಡವನ ಅಜೇಯತ್ವಕ್ಕೆ ಧಕ್ಕೆಯಿಲ್ಲ. ಅಭಿಮಾನಿಯ ಬಂಡವಾಳ ಹಾಗೆಯೇ ಭದ್ರವಾಗಿರುತ್ತದೆ, ಅವನ ಮಗನ ಕಥೆಗೆ ಅದನ್ನೇ ಹೂಡಬಹುದು.

ಸಿನಿಮಾದವರ ಲೆಕ್ಕ ಸಿನಿಮಾದವರಿಗೆ. ಬಸದಿಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಆಡುವ ಭರತ–ಬಾಹುಬಲಿ ರೂಪಕಗಳ ಲೆಕ್ಕವನ್ನು ಸಮಾಜವೇ ಕೇಳಬೇಕಾಗಿದೆ. ಚಿತ್ರಗಳ ರುಚಿ ಅಲ್ಲಿಗೂ ಬಂದಿದೆ. ಭರತನಿಗೆ ದಪ್ಪ ಮೀಸೆ, ಗಡಸು ದನಿ, ಕೆಂಪು ಬೆಳಕು. ಒಟ್ಟಿನಲ್ಲಿ ಅವನು ಖಳನಾಯಕ. ಮಲ್ಲಯುದ್ಧದಲ್ಲಿ ಬಾಹುಬಲಿಯು ಅವನನ್ನು ಎತ್ತಿದಾಗ ಸಭೆ ಚಪ್ಪಾಳೆಯಿಂದ ತುಂಬುತ್ತದೆ, ತೆರೆಯ ಹಿಂದಿನಿಂದ ನಗಾರಿ ಮೊಳಗುತ್ತದೆ. ಆದಿದೇವನ ಹಿರಿಯ ಮಗ, ಇದೇ ಭವದಲ್ಲಿ ಮುಕ್ತಿಗೆ ಸಲ್ಲುವ ಚರಮದೇಹಿ, ಈ ನಾಡಿಗೆ ಭಾರತವೆಂಬ ಹೆಸರು ಬರಲು ಕಾರಣನೆಂದು ಜೈನರು ನಂಬಿದವನು, ನಗೆಪಾಟಲಿಗೆ ಗುರಿಯಾಗುತ್ತಾನೆ. ಇದರಿಂದ ಕೆಡುವುದು ಭರತನ ಘನತೆ ಮಾತ್ರವಲ್ಲ. ನೀಚನನ್ನು ಎತ್ತಿದ ಕೈಗೆ ತಡೆದು ನಿಲ್ಲಬೇಕಾದ ಕಾರಣವೇ ಇರುವುದಿಲ್ಲ. ಬಾಹುಬಲಿಯ ವೈರಾಗ್ಯವು ಮಕ್ಕಳಿಗೆ ಅರ್ಥವಿಲ್ಲದ ಒಂದು ಹಠದಂತೆ ತೋರುತ್ತದೆ. ಗೆದ್ದವನು ಏಕೆ ಬಿಟ್ಟುಹೋದನೆಂದು ಮನೆಗೆ ಬಂದ ಮಗು ಕೇಳಿದರೆ ತಂದೆತಾಯಂದಿರ ಬಳಿ ಉತ್ತರವಿಲ್ಲ, ಏಕೆಂದರೆ ರೂಪಕದಲ್ಲಿ ಉತ್ತರವಿರಲಿಲ್ಲ.

ವಿಂಧ್ಯಗಿರಿಯ ಮೇಲೆ 981ರ ಸುಮಾರಿಗೆ ಸುಮಾರು 58 ಅಡಿಯ ವಿಗ್ರಹವನ್ನು ನಿಲ್ಲಿಸಿದವನು ಯುದ್ಧವನ್ನೇ ಕಸುಬಾಗಿ ಉಳ್ಳವನು. ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳೆಲ್ಲ ಚಾವುಂಡರಾಯನಿಗೆ ಗೆದ್ದ ಕಾಳಗಗಳಿಂದ ಬಂದವು. ಶಿಲ್ಪಿಗೆ ಅವನು ಮಲ್ಲಯುದ್ಧದ ಭಂಗಿಯನ್ನು ಕೆತ್ತೆಂದು ಹೇಳಬಹುದಾಗಿತ್ತು. ಕೆತ್ತಿಸಿದುದು ಗೆಲುವಿನ ನಂತರದ ವರ್ಷವನ್ನು: ಕಾಲ ಬಳಿ ಹುತ್ತಗಳು, ಹಾವುಗಳು, ತೊಡೆತೋಳುಗಳಿಗೆ ಹಬ್ಬಿದ ಮಾಧವಿಯ ಬಳ್ಳಿ. ಅಣ್ಣನು ಬಂದು ಎರಗುವವರೆಗೆ ಹೀಗೆಯೇ ನಿಂತಿರಬೇಕಾದವನ ರೂಪವದು.

ರೂಪಕಗಳನ್ನು ಬರೆಯುವವರೂ ಅವುಗಳಿಗೆ ಹಣವೊದಗಿಸುವ ಆಡಳಿತ ಮಂಡಳಿಗಳೂ ಇನ್ನೊಮ್ಮೆ ಪಂಪನ ಕಡೆಗೆ ನೋಡಬಹುದು. ವೃಷಭಾಚಲದ ದೃಶ್ಯವು ಎರಡು ಮಾತುಗಳಲ್ಲಿ ಆಗುತ್ತದೆ. ಭರತನ ಪಾತ್ರಧಾರಿಗೆ ಗಡಸು ದನಿಯ ಬದಲು ಒಳ್ಳೆಯ ಕಂಠವಿರುವ ಹುಡುಗನನ್ನು ಆರಿಸುವುದಕ್ಕೆ ಖರ್ಚಿಲ್ಲ. ಭರತನು ಕಿರೀಟವನ್ನು ತೆಗೆದಿಟ್ಟು, ಹುತ್ತದ ಮಣ್ಣನ್ನು ಸರಿಸಿ, ತಮ್ಮನ ಪಾದಗಳಿಗೆ ಅರ್ಘ್ಯವೆತ್ತುವ ಕೊನೆಯ ದೃಶ್ಯವನ್ನು ಸಮಯವಿಲ್ಲವೆಂದು ಕೈಬಿಡುವ ಪದ್ಧತಿಯಿದೆ. ಅದಕ್ಕೆ ಬೇಕಾದುದು ಐದು ನಿಮಿಷ. ಮಲ್ಲಯುದ್ಧದ ನಗಾರಿಯಿಂದ ಅಷ್ಟನ್ನು ಕಳೆಯಬಹುದು.